ಕಾರಣ ನಾಲ್ಕು: ಇತರೆ

ಜಲಮಂಡಳಿಯ ಮೀಟರ್ ರೀಡರುಗಳಿಗೆ ಕೊಡುವ ಹಾಳೆಯಲ್ಲಿ ಕೊನೆಯ ಕಾಲಂ ‘ಓದಲಾಗದಿದ್ದರೆ ಕಾರಣ’. ಅಲ್ಲಿ ಒಂದು ಅಂಕಿ ಹಾಕಿದರೆ ಸಾಕು. ಒಂದು ಎಂದರೆ ಮನೆಗೆ ಬೀಗ, ಎರಡು ಎಂದರೆ ನಾಯಿ, ಮೂರು ಎಂದರೆ ಮುಚ್ಚಳ ಏಳಲಿಲ್ಲ. ನಾಲ್ಕು ಎಂದರೆ ಇತರೆ. ನಾಲ್ಕು ಹಾಕಿದವರು ಪಕ್ಕದಲ್ಲಿ ವಿವರ ಬರೆಯಬೇಕು. ಆದ್ದರಿಂದ ಅದನ್ನು ಯಾರೂ ಹಾಕುತ್ತಿರಲಿಲ್ಲ. ಪಾಯಿಂಟಪ್ಪ ಮಾತ್ರ ಹಾಕುತ್ತಿದ್ದ. ‘ಗಾಜಿನೊಳಗೆ ಮಂಜು ಕಟ್ಟಿದೆ’ ಎಂದೋ, ‘ಮುಚ್ಚಳದ ಮೇಲೆ ಮರಳು ಸುರಿದಿದ್ದಾರೆ, ಸುಮಾರು ಅರ್ಧ ಗಾಡಿ’ ಎಂದೋ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ. ಮೀಟರಿನ ಕೆಂಪು ಮುಳ್ಳು ತೋರಿಸುವ ದಶಮಾಂಶವನ್ನೂ ಬಿಡದೆ ಬರೆಯುತ್ತಿದ್ದುದರಿಂದ ಆಫೀಸಿನವರು ಅವನಿಗೆ ಆ ಹೆಸರಿಟ್ಟಿದ್ದರು. ಮೂವತ್ತೊಂದು ವರ್ಷದಲ್ಲಿ ಅದು ಬೀದಿಗೂ ಬಂದಿತ್ತು, ಮನೆಗೂ ಬಂದಿತ್ತು.

ಮನೆಯಲ್ಲಿ ನಾಲ್ವರು. ಅವನ ತಾಯಿ. ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಎರಡು ಖಾಸಗಿ ಆಸ್ಪತ್ರೆಗಳ ಚಾದರ ಒಗೆದುಕೊಡುವ ಹೆಂಡತಿ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಮಗಳು. ಮಗಳದು ಎರಡು ವರ್ಷದಿಂದ ಹಂಗಾಮಿ ಕೆಲಸ. ಇನ್ನು ಆರು ವಾರದಲ್ಲಿ ಕಾಯಂ ಆರ್ಡರು ಬರಬೇಕಿತ್ತು. ಉಳಿದದ್ದು ಪೊಲೀಸರ ವರದಿ ಒಂದೇ. ಪಾಯಿಂಟಪ್ಪನ ನಿವೃತ್ತಿಗೆ ಹದಿನಾಲ್ಕು ತಿಂಗಳು. ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದು, ಅಡುಗೆಮನೆಯ ಸೋರುವ ಮೂಲೆ ಸರಿಮಾಡಿಸುವುದು, ಮಗಳ ಮದುವೆಯ ಮಾತು, ಎಲ್ಲವೂ ‘ಆರ್ಡರು ಬರಲಿ’ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು.

ನೀರಿನ ಹೊಸ ದರದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಶನಿವಾರ. ಭಾನುವಾರ ಮಧ್ಯಾಹ್ನ ಹೆಂಡತಿಯ ತಮ್ಮ ಎಂದಿನಂತೆ ಊಟಕ್ಕೆ ಬಂದ. ಅವನದು ನಲ್ಲಿ, ಪೈಪುಗಳ ಅಂಗಡಿ. ಜೊತೆಗೆ ಆಳುವ ಪಕ್ಷದ ವಾರ್ಡ್ ಕಾರ್ಯದರ್ಶಿ.

"ಅಕ್ಕ, ಇದು ದರ ಏರಿಕೆ ಅಲ್ಲ. ದರ ಪರಿಷ್ಕರಣೆ," ಎಂದ ತಟ್ಟೆ ಎಳೆದುಕೊಳ್ಳುತ್ತ.

"ಹೆಸರು ಏನಾದ್ರೂ ಇಟ್ಕೋ. ನನ್ನ ತೊಟ್ಟಿ ತುಂಬೋಕೆ ಎಷ್ಟು ಜಾಸ್ತಿ, ಅದು ಹೇಳು."

"ನೀನು ಮನೇಲಿ ವ್ಯಾಪಾರ ಮಾಡ್ತಿದೀಯ. ಅದಕ್ಕೆ ಬೇರೆ ಸ್ಲ್ಯಾಬು."

"ವ್ಯಾಪಾರ! ಇನ್ನೊಬ್ಬರ ರಕ್ತ, ವಾಂತಿ ಒಗೆಯೋದು ವ್ಯಾಪಾರವೇನೋ?"

"ಮಾವ, ಅಮ್ಮ ಎಷ್ಟು ಅಂತ ಕೇಳಿದ್ಳು," ಎಂದಳು ಮಗಳು.

"ಮೂರೂವರೆ ಪಟ್ಟು," ಎಂದ ಪಾಯಿಂಟಪ್ಪ ತಟ್ಟೆಯಿಂದ ತಲೆ ಎತ್ತದೆ. "ಇಪ್ಪತ್ತು ಸಾವಿರ ಲೀಟರು ದಾಟಿದ ಮೇಲೆ. ಹೋದ ತಿಂಗಳು ನಮ್ಮದು ಮೂವತ್ತೆರಡು ಸಾವಿರದ ನಾನೂರು."

"ಭಾವ, ಮಂಡಳಿ ಅನ್ನ ತಿಂದು ನೀವೇ ಹೀಗಂದ್ರೆ?"

"ನಾನು ಏನೂ ಅನ್ನಲಿಲ್ಲ. ಅಂಕಿ ಹೇಳಿದೆ."

"ಪೈಪು ಹಾಕಿ ಐವತ್ತು ವರ್ಷ ಆಯ್ತು. ಮೂರರಲ್ಲಿ ಒಂದು ಪಾಲು ನೀರು ಸೋರಿಹೋಗ್ತಿದೆ. ರಿಪೇರಿಗೆ ದುಡ್ಡು ಆಕಾಶದಿಂದ ಬೀಳುತ್ತಾ?"

"ಸೋರೋದು ರಸ್ತೆ ಕೆಳಗೆ, ಬಿಲ್ಲು ಬರೋದು ಅಡುಗೆಮನೆಗೆ. ಚೆನ್ನಾಗಿದೆ ಮಾವ ನಿಮ್ಮ ನ್ಯಾಯ," ಎಂದಳು ಮಗಳು.

"ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಿದ್ರು ನಮ್ಮ ಕಾಲದಲ್ಲಿ," ಎಂದಳು ಅಜ್ಜಿ. "ಇನ್ಮೇಲೆ ಬೇಳೆಗೆ ಉಪ್ಪು ಕಮ್ಮಿ ಹಾಕಮ್ಮ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟಿ ನಿಂತು, "ಮಗಳೇ, ನಿನ್ನ ಆರ್ಡರು ಬರೋ ತನಕ ಬಾಯಿಗೆ ಬೀಗ ಹಾಕ್ಕೋ. ಆಮೇಲೆ ನನಗೆ ಬೇಕಾದಷ್ಟು ಬೈ," ಎಂದ.

"ಅವಳು ಯಾವ ಗಲಾಟೆಗೂ ಹೋಗಲ್ಲ," ಎಂದಳು ಅಕ್ಕ. "ಹೋಗೋದಿದ್ರೆ ನಾನು ಹೋಗ್ತೀನಿ."

ಎರಡನೆಯ ವಾರ ಬೀದಿಯಲ್ಲಿ ನೀರು ಬಳಕೆದಾರರ ಸಮಿತಿ ಆಯಿತು. ಮೂರನೆಯ ಮನೆಯ ನಿವೃತ್ತ ಹೆಡ್‌ಮಾಸ್ತರು ಅಧ್ಯಕ್ಷರು. ಅವರ ಲೆಕ್ಕ ಸರಳವಾಗಿತ್ತು: ಓದದ ಮೀಟರಿಗೆ ಹೊಸ ದರ ಹಾಕಲು ಬರುವುದಿಲ್ಲ, ಹಳೆಯ ಸರಾಸರಿಯ ಬಿಲ್ಲನ್ನೇ ಕೊಡಬೇಕು. ಆದ್ದರಿಂದ ಮೀಟರ್ ಓದುವ ವಾರದಲ್ಲಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪ್ರತಿ ಮನೆಯವರೂ ಗೇಟಿನ ಮುಂದಿನ ಮೀಟರ್ ಗುಂಡಿಯ ಮುಚ್ಚಳದ ಮೇಲೆ ಕುರ್ಚಿ ಹಾಕಿ ಕೂರುವುದು. ಕೂಗುವಂತಿಲ್ಲ, ಕಲ್ಲು ಮುಟ್ಟುವಂತಿಲ್ಲ, ರೀಡರಿಗೆ ಮರ್ಯಾದೆ ತಪ್ಪಿ ಮಾತಾಡುವಂತಿಲ್ಲ. ಏಳಿ ಎಂದರೆ ‘ಏಳುವುದಿಲ್ಲ, ಕ್ಷಮಿಸಿ’ ಎನ್ನಬೇಕು. ಕುರ್ಚಿ ಖಾಲಿ ಬಿಡಬಾರದು.

ಸೋಮವಾರ ಬೀದಿಯ ಉದ್ದಕ್ಕೂ ಕುರ್ಚಿ ಬಿದ್ದವು. ಊಟದ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ, ಒಂದು ಕಡೆ ಹಲ್ಲಿನ ಡಾಕ್ಟರ ಹಳೆಯ ತಿರುಗುಕುರ್ಚಿ. ಹೆಂಗಸರು ತರಕಾರಿ ಹೆಚ್ಚುತ್ತ ಕೂತರು. ಮಂಗಳವಾರ ವಿರೋಧ ಪಕ್ಷದ ನಾಯಕರೊಬ್ಬರು ಬಂದು ಒಂದು ಕುರ್ಚಿಯಲ್ಲಿ ಫೋಟೊ ತೆಗೆಯುವವರೆಗೆ, ಅಂದರೆ ನಾಲ್ಕು ನಿಮಿಷ, ಕೂತು ಹೋದರು. ಅದೇ ದಿನ ಸಂಜೆ ಆಳುವ ಪಕ್ಷದವರು ‘ಇದು ವಿರೋಧ ಪಕ್ಷದ ಪಿತೂರಿ’ ಎಂದು ಹೇಳಿಕೆ ಕೊಟ್ಟರು. ಹೇಳಿಕೆಯ ಕೆಳಗಿನ ಸಹಿಗಳಲ್ಲಿ ಮಾವನದೂ ಇತ್ತು.

ಉಳಿದ ರೀಡರುಗಳು ಜಗಳಕ್ಕೆ ಹೋಗಲಿಲ್ಲ. ಎಲ್ಲ ಮನೆಗೂ ಎರಡು ಹಾಕಿದರು. ವಾರ್ಡಿನ ಒಂಬೈನೂರು ಮನೆಗಳಲ್ಲಿ ನಾಲ್ಕು ದಿನದೊಳಗೆ ಐನೂರಕ್ಕೆ ನಾಯಿ ಬಂದವು.

"ನೀವೂ ನಾಯಿ ಅಂತ ಹಾಕ್ಬಿಡಿ," ಎಂದಳು ಹೆಂಡತಿ ಚಹಾ ಸೋಸುತ್ತ.

"ನಾಯಿ ಅಂತ ಹಾಕಿದ್ರೆ ನಾಯಿ ಅಡ್ಡ ಬಂತು ಅಂತ ಆಗುತ್ತೆ. ಜನ ಬೇಡ ಅಂದ್ರು ಅನ್ನೋದು ಎಲ್ಲಿ ಉಳಿಯುತ್ತೆ?" ಎಂದ ಪಾಯಿಂಟಪ್ಪ. "ನಾಲ್ಕು ಹಾಕಿ, ಇಂಥವರು ಕೂತಿದ್ರು, ಏಳಲಿಲ್ಲ ಅಂತ ಹೆಸರು ಸಮೇತ ಬರೆದ್ರೆ ಫೈಲಲ್ಲಿ ಉಳಿಯುತ್ತೆ. ನಾಳೆ ಮೇಲಿನವರು ತೆಗೆದು ನೋಡಿದ್ರೆ ಇಷ್ಟು ಜನಕ್ಕೆ ಒಪ್ಪಿಗೆ ಇಲ್ಲ ಅಂತ ಗೊತ್ತಾಗಬೇಕಲ್ಲ?"

ಮೂವತ್ತೊಂದು ವರ್ಷದಲ್ಲಿ ಮಂಡಳಿಯ ವಿರುದ್ಧ ಅವನು ಮಾಡಿದ ಕೆಲಸವೆಂದರೆ ಇದೊಂದೇ. ಹೆಂಡತಿಗೆ ಅದು ಗೊತ್ತಾಯಿತು, ಹಿಡಿಸಿತು ಕೂಡ.

"ನಾನು ಕೂತಿದ್ರೆ ನನ್ನ ಹೆಸರೂ ಬರೀತೀರಾ?"

"ಕೂತಿದ್ರೆ ಬರೀತೀನಿ."

"ಬರೀರಿ. ಮದುವೆ ಪತ್ರಿಕೆ ಆದ್ಮೇಲೆ ಎಲ್ಲೂ ಅಚ್ಚಾಗಿಲ್ಲ ನನ್ನ ಹೆಸರು."

ಗುರುವಾರ ಅವನ ಸರದಿ ಸ್ವಂತ ಬೀದಿಗೆ ಬಂತು. ಅಂದು ಅಜ್ಜಿಗೆ ಜ್ವರ. ಹತ್ತೂಕಾಲಿಗೆ ದೊಡ್ಡ ಆಸ್ಪತ್ರೆಯ ಮೇಟ್ರನ್ ಫೋನ್ ಮಾಡಿ, ಹನ್ನೊಂದರೊಳಗೆ ಚಾದರ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಳು. ಮಗಳಿಗೆ ಮಧ್ಯಾಹ್ನದ ಪಾಳಿ. ತಲೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ನೀನು ಹೋಗಮ್ಮ, ನಾನು ಕೂರ್ತೀನಿ."

"ನೀನು ಬೇಡ. ಕುರ್ಚಿ ಒಳಗಿಡು."

"ಇಡೀ ಬೀದಿಗೆ ನಮ್ಮದೊಂದೇ ಖಾಲಿ ಇದ್ರೆ ಚೆನ್ನಾಗಿರುತ್ತಾ? ಮೀಟರಿನವರ ಮನೆ ಅಂತ ಮೊದಲೇ ನಮ್ಮ ಬೆನ್ನ ಹಿಂದೆ ಮಾತಾಡ್ಕೋತಾರೆ. ಅರ್ಧ ಗಂಟೆ ತಾನೇ? ಓಡು."

ತಾಯಿ ಗಂಟು ಹೊತ್ತು ಓಡಿದಳು. ಮಗಳು ಕೂತು ಪತ್ರಿಕೆ ಬಿಡಿಸಿದಳು. ಹತ್ತು ಮೂವತ್ತೈದಕ್ಕೆ ಪಾಯಿಂಟಪ್ಪ ಮೂಲೆಯಲ್ಲಿ ತಿರುಗಿ, ಒಂದೊಂದು ಮನೆಯ ಮುಂದೆಯೂ ನಿಂತು ಬರೆಯುತ್ತ, ತನ್ನ ಗೇಟಿಗೆ ಬಂದ. ಅಕ್ಕಪಕ್ಕದವರು ತಮಾಷೆ ನೋಡಲು ಕತ್ತು ಚಾಚಿದರು.

"ಮೀಟರ್ ಓದಬೇಕು. ಏಳ್ತೀರಾ?" ಎಂದ. ಎಲ್ಲ ಮನೆಯಲ್ಲೂ ಕೇಳಿದ್ದು ಅದನ್ನೇ.

"ಏಳುವುದಿಲ್ಲ, ಕ್ಷಮಿಸಿ ಸಾರ್," ಎಂದಳು ಮಗಳು.

ಪಕ್ಕದ ಮನೆಯ ದರ್ಜಿ ಹೆಂಗಸು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಪಾಯಿಂಟಪ್ಪ ಗಡಿಯಾರ ನೋಡಿ ಬರೆದ.

"ಅಪ್ಪ, ಏನು ಬರೆದೆ?"

"ಇದ್ದದ್ದು," ಎಂದು ಮುಂದಿನ ಮನೆಗೆ ಹೋದ.

ಅವನು ಬರೆದದ್ದು ಇದು: ‘ಕಾರಣ ೪. ಮುಚ್ಚಳದ ಮೇಲೆ ಮನೆಯವರು ಕುರ್ಚಿ ಹಾಕಿ ಕುಳಿತಿದ್ದರು. ಶಾಂತವಾಗಿ ನಿರಾಕರಿಸಿದರು. ೧೦.೪೮.’ ಮುಂದೆ ಮಗಳ ಹೆಸರು, ವಯಸ್ಸು.

ಮೂರನೆಯ ವಾರ ಸರ್ಕಾರ ಈ ಚಳವಳಿ ಕಾನೂನುಬಾಹಿರ ಎಂದಿತು. ಮಂಡಳಿಯ ಕಾನೂನು ವಿಭಾಗದವರು ವಾರ್ಡಿನ ಹಾಳೆಗಳನ್ನೆಲ್ಲ ತರಿಸಿಕೊಂಡರು. ಆರು ರೀಡರುಗಳ ಹಾಳೆಯಲ್ಲಿ ಬರೀ ನಾಯಿ. ನಾಯಿಯ ಮೇಲೆ ಕೇಸು ಹಾಕಲು ಬರುವುದಿಲ್ಲ. ಏಳನೆಯವನ ಹಾಳೆಯಲ್ಲಿ ಮಾತ್ರ ನಲವತ್ತಮೂರು ಹೆಸರು, ಮನೆ ನಂಬರು, ವಯಸ್ಸು, ಗಂಟೆ ನಿಮಿಷ. ಪಾಯಿಂಟಪ್ಪನನ್ನು ಕರೆಸಿದರು.

"ಇದು ನಿಮ್ಮ ಅಕ್ಷರವಾ?" ಎಂದು ಕೇಳಿದ ಅಧಿಕಾರಿ.

"ಹೌದು ಸಾರ್."

"ಬರೆದದ್ದೆಲ್ಲ ನಿಜವಾ?"

"ನಿಜ ಸಾರ್. ಜನರ ಆಕ್ಷೇಪಣೆ ಫೈಲಲ್ಲಿರಲಿ ಅಂತ..."

"ಇಲ್ಲಿ ಸಹಿ ಮಾಡಿ."

ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದ ಕೇಸು ಹೀಗೆ ದಾಖಲಾಯಿತು. ಅಡ್ಡಿಗೆ ಒಳಗಾದ ನೌಕರ ಪಾಯಿಂಟಪ್ಪ. ಮೊದಲ ಸಾಕ್ಷಿಯೂ ಅವನೇ. ಆರೋಪಿಗಳ ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಅವನ ಮಗಳದು.

ಪೊಲೀಸಿನವನು ಮನೆಮನೆಗೆ ಸಮನ್ಸು ಹಂಚಿ ಹೋದ ಸಂಜೆ ಹೆಡ್‌ಮಾಸ್ತರು ಗೇಟಿನವರೆಗೆ ಬಂದರು. ಒಳಗೆ ಬರಲಿಲ್ಲ.

"ನಮ್ಮ ವಿರೋಧ ದಾಖಲಾಗಬೇಕು ಅಂತ ನಾನೇ ಭಾಷಣ ಮಾಡಿದ್ದೆ," ಎಂದರು. "ದಾಖಲಾಯ್ತು."

"ಮೇಷ್ಟ್ರೇ, ನಾನು ಅಂದ್ಕೊಂಡದ್ದು..."

"ಗೊತ್ತು. ನೀವು ಕೆಟ್ಟವರಲ್ಲ. ಅದೇ ತೊಂದರೆ."

ದರ್ಜಿ ಹೆಂಗಸು ಅಷ್ಟು ಮೆತ್ತಗೆ ಮಾತಾಡಲಿಲ್ಲ. ಒಗೆದ ಬಟ್ಟೆ ಹರವುತ್ತಿದ್ದ ಅವನ ಹೆಂಡತಿಗೆ ಗೋಡೆಯಾಚೆಯಿಂದಲೇ, "ನಿಮ್ಮ ಯಜಮಾನರಿಗೆ ಊರಿಗೆಲ್ಲ ಕಂಡ ನಾಯಿ ಕಾಣಲಿಲ್ವಾ?" ಎಂದಳು. ಜೊತೆಗೆ, "ಸ್ವಂತ ಮಗಳನ್ನೇ ಬಿಡದವರು ನಮ್ಮನ್ನು ಬಿಡ್ತಾರಾ," ಎಂದು ಸೇರಿಸಿದಳು.

ಮಗಳು ಅಪ್ಪನ ಜೊತೆ ಜಗಳವಾಡಿದ್ದು ಮರುದಿನ ಬೆಳಿಗ್ಗೆ, ನಿಂತುಕೊಂಡೇ ಚಹಾ ಕುಡಿಯುತ್ತ.

"ಬೇರೆಯವರ ಹೆಸರು ಬಿಡು. ನನ್ನ ಹೆಸರು ಬರೆಯೋವಾಗ ಪೆನ್ನು ನಿಲ್ಲಲಿಲ್ವಾ ಅಪ್ಪ?"

"ಬೀದಿಯವರದ್ದೆಲ್ಲ ಬರೆದು ನಿನ್ನದು ಬಿಟ್ಟಿದ್ರೆ ಏನಂತಿದ್ರು?"

"ಏನಾದ್ರೂ ಅನ್ನಲಿ! ನನಗೆ ಕೆಲಸ ಇರ್ತಿತ್ತು."

"ನೀನ್ಯಾಕೆ ಕೂತೆ?" ಎಂದ ಅವನೂ ದನಿ ಏರಿಸಿ. "ಕೂರಬೇಡ ಅಂತ ಎಲ್ಲರೂ ಹೇಳಿರಲಿಲ್ವಾ?"

"ಅವಳು ಕೂತದ್ದು ನನ್ನಿಂದ," ಎಂದಳು ತಾಯಿ. "ಬೈಯೋದಾದ್ರೆ ನನ್ನ ಬೈರಿ. ಚಹಾ ತಣ್ಣಗಾಗ್ತಿದೆ, ಇಬ್ಬರೂ ಕುಡೀರಿ ಮೊದಲು."

ಭಾನುವಾರ ಮಾವ ಬಂದ. ಈ ಸಲ ಊಟಕ್ಕೆ ಮೊದಲೇ ಮಾತು ತೆಗೆದ. ಸ್ಟೇಷನ್ನಿನಲ್ಲಿ, ಮಂಡಳಿಯಲ್ಲಿ ಎರಡು ದಿನ ಓಡಾಡಿದ್ದನಂತೆ. ಓದಿದ ಹದಿನೈದು ದಿನದೊಳಗೆ ರೀಡರು ತಿದ್ದುಪಡಿ ಚೀಟಿ ಕೊಡಬಹುದು. ಇನ್ನು ಐದು ದಿನ ಬಾಕಿ. ಹೆಸರನ್ನು ಸುಮ್ಮನೆ ತೆಗೆದುಹಾಕಲು ಬರುವುದಿಲ್ಲ. ಆದರೆ ಕೂತವರು ಇವರಲ್ಲ, ಅವರು ಎಂದು ಬದಲಿಸಿದರೆ ನಡೆಯುತ್ತದೆ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಸಾಲು ಬರೀರಿ ಭಾವ. ಇನ್‌ಸ್ಪೆಕ್ಟರ್ ಜೊತೆ ಮಾತಾಡಿದೀನಿ."

"ಯಾರ ಹೆಸರು ಬರೀಲಿ?"



"ನಾನು ಕೂತಿದ್ದೆ ಅಂತ ಬರೀ ಮಗಾ," ಎಂದಳು ಅಜ್ಜಿ. "ಎಂಬತ್ತು ದಾಟಿದವಳನ್ನ ಏನು ಮಾಡ್ತಾರೆ?"

"ಆ ದಿನ ನಿನಗೆ ಜ್ವರ ಅಂತ ಆಸ್ಪತ್ರೆ ಚೀಟಿ ಇದೆಯಮ್ಮ."

"ಸುತ್ತಿ ಬಳಸಿ ಯಾಕೆ ಮಾತು?" ಎಂದಳು ಹೆಂಡತಿ. "ನನ್ನ ಹೆಸರು ಹಾಕಿ. ಅವಳು ಕೂತದ್ದು ನನ್ನ ಕುರ್ಚೀಲೇ ಅಲ್ವಾ?"

"ಬೇಡ," ಎಂದಳು ಮಗಳು. ಆದರೆ ಮೆಲ್ಲಗೆ ಹೇಳಿದಳು, ಮತ್ತೊಮ್ಮೆ ಹೇಳಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

ಪಾಯಿಂಟಪ್ಪ ಮೂವತ್ತೊಂದು ವರ್ಷದಲ್ಲಿ ತಿದ್ದುಪಡಿ ಚೀಟಿ ಕೊಟ್ಟದ್ದು ಎರಡು ಸಲ, ಎರಡೂ ಸಲ ಏಳನ್ನು ಒಂದು ಎಂದು ಓದಿದ್ದಕ್ಕೆ. ಮೂರನೆಯ ಚೀಟಿಯನ್ನು ಊಟದ ಮೇಜಿನ ಮೇಲೆ ಇಟ್ಟು ಕನ್ನಡಕ ಹಾಕಿಕೊಂಡ.

"ನಿನ್ನ ವಯಸ್ಸು ಎಷ್ಟು?"

"ಐವತ್ತೆರಡು."

"ಐವತ್ತಮೂರು. ಹೋದ ತಿಂಗಳು ತುಂಬ್ತು," ಎಂದು ಐವತ್ತಮೂರು ಬರೆದ.

ಚೀಟಿ ಸ್ವೀಕಾರವಾಯಿತು. ಪಟ್ಟಿಯಲ್ಲಿ ಮಗಳ ಹೆಸರು ಹೋಗಿ ತಾಯಿಯ ಹೆಸರು ಬಂತು. ಎರಡು ವಾರ ಮನೆಯಲ್ಲಿ ಉಸಿರಾಡುವಷ್ಟು ಸಮಾಧಾನ ಇತ್ತು. ಹೊರಗೆ ಬೀದಿಯಲ್ಲಿ ಕುರ್ಚಿಗಳು ಒಳಗೆ ಹೋಗುತ್ತಿದ್ದವು. ಮತ್ತೆ ಕೂರುವುದಿಲ್ಲವೆಂದು ಆರೋಪಿಗಳಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು; ಉಳಿದ ಬೀದಿಯವರು ಅದನ್ನು ನೋಡಿ ತಾವಾಗಿಯೇ ಎದ್ದರು. ಮುಂದಿನ ಓದಿನ ವಾರ ಪಾಯಿಂಟಪ್ಪ ನೂರ ಹನ್ನೆರಡು ಮನೆಗಳ ಮೀಟರು ಓದಿದ. ಯಾರೂ ಅಡ್ಡ ಬರಲಿಲ್ಲ. ಯಾರೂ ನೀರು ಬೇಕಾ ಎಂದು ಕೇಳಲೂ ಇಲ್ಲ. ಅವನ ಸ್ವಂತ ಮನೆಗೆ ಹೊಸ ದರದ ಬಿಲ್ಲು ಬಂದಾಗ ಹೆಂಡತಿ ಸಣ್ಣ ಆಸ್ಪತ್ರೆಯ ಚಾದರ ಬಿಟ್ಟುಕೊಟ್ಟಳು.

ಆರನೆಯ ವಾರ ಕಾಯಂ ಆದವರ ಪಟ್ಟಿಯನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿದರು. ಹನ್ನೊಂದು ಹೆಸರು. ಮಗಳದು ಇರಲಿಲ್ಲ. ವಿಚಾರಿಸಿದಾಗ ಗುಮಾಸ್ತ ಕಡತ ತಿರುಗಿಸಿ ಪೊಲೀಸರ ವರದಿ ತೋರಿಸಿದ. ‘ಅಭ್ಯರ್ಥಿಯ ಮೇಲೆ ಪ್ರಕರಣವಿಲ್ಲ. ಅದೇ ವಿಳಾಸದಲ್ಲಿ ವಾಸಿಸುವ ತಾಯಿಯ ಮೇಲೆ ಪ್ರಕರಣವಿದೆ. ತಂದೆ ಸದರಿ ಪ್ರಕರಣದ ಸಾಕ್ಷಿ.’

"ಮನೆಯವರದ್ದೂ ನೋಡ್ತಾರೆ ಅಂತ ನನಗೇನು ಗೊತ್ತು?" ಎಂದ ಮಾವ. ಅಂದು ಅವನು ಬಾಗಿಲಲ್ಲೇ ನಿಂತಿದ್ದ, ಚಪ್ಪಲಿ ಬಿಡಲಿಲ್ಲ. "ನಮ್ಮ ಪಕ್ಷದವರ ಹತ್ರ ಮತ್ತೆ..."

"ಸಾಕು ಕಣೋ," ಎಂದಳು ಅಕ್ಕ. "ಊಟ ಮಾಡಿಕೊಂಡು ಹೋಗೋದಾದ್ರೆ ಬಾ. ಇಲ್ಲದಿದ್ರೆ ಹೋಗು."

ಅವನು ಹೋದ.

"ಹಾಗಾದ್ರೆ ನಿಜ ಹೇಳಿಬಿಡೋಣ," ಎಂದಳು ಮಗಳು. "ನನ್ನದು ಹೇಗೂ ಹೋಯ್ತು. ಅಮ್ಮನ ಹೆಸರಾದ್ರೂ ತೆಗೀಲಿ."

ಸಮಿತಿಯ ವಕೀಲರನ್ನು ಕೇಳಿದರು. ಸಣ್ಣ ಕೋಣೆ, ಒಂದೇ ಫ್ಯಾನು, ಕುರ್ಚಿ ಎರಡೇ ಇದ್ದುದರಿಂದ ಮಗಳು ನಿಂತಿದ್ದಳು. ವಕೀಲರು ಚೀಟಿಯ ನಕಲನ್ನು ಎರಡು ಸಲ ಓದಿದರು.

"ಈಗ ಬದಲಿಸಿದ್ರೆ ಇವರು ಸುಳ್ಳು ದಾಖಲೆ ಮಾಡಿದ್ರು ಅಂತ ಆಗುತ್ತೆ. ಕೆಲಸ ಹೋಗುತ್ತೆ, ಪಿಂಚಣಿ ಹೋಗುತ್ತೆ. ನಿನ್ನ ಹೆಸರು ಕೇಸಿಗೆ ವಾಪಸ್ ಬರುತ್ತೆ. ಈಗಿರೋ ಹಂಗಾಮಿ ಕೆಲಸವೂ ಉಳಿಯಲ್ಲ. ತಾನೇ ಕೂತಿದ್ದೆ ಅಂತ ಸುಳ್ಳು ಮುಚ್ಚಳಿಕೆಗೆ ಸಹಿ ಮಾಡಿದ್ದಕ್ಕೆ ನಿನ್ನ ತಾಯಿಯ ಮೇಲೆ ಇನ್ನೊಂದು ಕೇಸು."

"ಬದಲಿಸದಿದ್ರೆ?"

"ಅಮ್ಮನಿಗೆ ದಂಡ ಬೀಳಬಹುದು. ಕೇಸು ಮುಗಿಯೋಕೆ ಎಷ್ಟು ವರ್ಷ ಅಂತ ಕೇಳಬೇಡಿ."

"ಉಳಿದ ನಲವತ್ತೆರಡು ಜನ?" ಎಂದು ಕೇಳಿದ ಪಾಯಿಂಟಪ್ಪ.

ವಕೀಲರು ಅವನನ್ನೇ ನೋಡಿದರು. "ಅವರ ವಿರುದ್ಧ ಇರೋ ಸಾಕ್ಷಿ ಒಂದೇ ಸ್ವಾಮಿ. ನೀವು. ನಿಮ್ಮ ಹಾಳೆ ಸುಳ್ಳು ಅಂತಾದ್ರೆ ಅವರ ಮೇಲಿನ ಕೇಸೂ ಬೀಳುತ್ತೆ."

ಮೊದಲ ವಿಚಾರಣೆ ಹನ್ನೊಂದನೆಯ ವಾರ. ಹೆಂಡತಿ ಬೆಳಗಿನ ಜಾವವೇ ಚಾದರ ಒಗೆದು ಹರವಿ, ಅಜ್ಜಿಗೆ ಅನ್ನ ಬೇಳೆ ಮುಚ್ಚಿಟ್ಟು ಹೊರಟಳು. ಬಸ್ಸಿನಲ್ಲಿ ಮೂವರೂ ಒಟ್ಟಿಗೇ ಹೋದರು. ಕೋರ್ಟಿನ ಬಾಗಿಲಲ್ಲಿ ಬೇರೆಯಾದರು. ಆರೋಪಿಗಳು ಎಡಗಡೆಯ ಬೆಂಚಿನಲ್ಲಿ, ಸಾಕ್ಷಿ ಬಲಗಡೆ ಒಬ್ಬನೇ, ಮಗಳು ಹಿಂದಿನ ಸಾಲಿನಲ್ಲಿ. ದರ್ಜಿ ಹೆಂಗಸು ಸರಿದು ಅವನ ಹೆಂಡತಿಗೆ ಜಾಗ ಕೊಟ್ಟಳು.

ಸರ್ಕಾರಿ ವಕೀಲ ಹಾಳೆ ಹಿಡಿದು ಒಂದೊಂದೇ ಹೆಸರು ಓದಿದ. ಪಾಯಿಂಟಪ್ಪ ಒಬ್ಬೊಬ್ಬರನ್ನೇ ನೋಡಿ ಹೌದು ಎಂದ. ಹೆಡ್‌ಮಾಸ್ತರ ಸರದಿಯಲ್ಲಿ ಅವರೇ ಎದ್ದು ನಿಂತು ತಲೆಯಾಡಿಸಿ, ಹೇಳಪ್ಪ ಎಂಬಂತೆ ನೋಡಿದರು. ಹದಿನಾರರವರೆಗೆ ಅವನ ದನಿ ಒಂದೇ ತೆರನಾಗಿತ್ತು.

"ಹದಿನೇಳನೇ ಆರೋಪಿ. ಇವರು ನಿಮಗೆ ಗೊತ್ತಾ?"

"ಗೊತ್ತು. ನನ್ನ ಹೆಂಡತಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿದರು.

"ಆ ದಿನ ಹತ್ತು ನಲವತ್ತೆಂಟಕ್ಕೆ ಮುಚ್ಚಳದ ಮೇಲೆ ಕೂತಿದ್ದವರು ಇವರೇನಾ?"

ಆ ಹೊತ್ತಿಗೆ ಅವಳು ಆಸ್ಪತ್ರೆಯ ಹಿಂಬಾಗಿಲಲ್ಲಿ ಗಂಟು ಇಳಿಸುತ್ತಿದ್ದಳು. ಕೂತಿದ್ದವಳು ನಾಲ್ಕು ಬೆಂಚು ಹಿಂದೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಪಾಯಿಂಟಪ್ಪ ಒಂದು ಸಲ ಅತ್ತ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಅವಸರಪಡಿಸುವಂತೆ ಹುಬ್ಬು ಏರಿಸಿದಳು.

"ಇವರೇ," ಎಂದ.

"ಜೋರಾಗಿ ಹೇಳಿ, ಬರೆದುಕೊಳ್ಳಬೇಕು."

"ಇವರೇ ಸಾರ್."

ಗುಮಾಸ್ತ ಬರೆದುಕೊಂಡ. ಅವಳನ್ನು ಕೇಳಿದಾಗ ಹೌದು, ನಾನೇ ಕೂತಿದ್ದೆ ಎಂದಳು. ಎಷ್ಟು ಹೊತ್ತು ಎಂದರೆ ಅರ್ಧ ಗಂಟೆ ಎಂದಳು. ಉಳಿದ ಇಪ್ಪತ್ತಾರು ಹೆಸರಿಗೆ ಹೊತ್ತು ಸಾಲಲಿಲ್ಲ. ಮೂರು ತಿಂಗಳ ಮೇಲಿನ ಒಂದು ತಾರೀಖು ಕೊಟ್ಟರು.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಮಗಳಿಗೆ ಪಾಳಿಗೆ ತಡವಾಗಿತ್ತು. ಬರುತ್ತೇನೆ ಎಂದು ಹೇಳದೆ ಎದುರಿನ ಬಸ್ಸು ಹತ್ತಿದಳು. ಬೀದಿಯವರು ಗುಂಪಾಗಿ ಮುಂದೆ ನಡೆದರು. ಇವರಿಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತರು.

"ಏನ್ರೀ, ಅರ್ಧ ಗಂಟೆ ಅಂದೆ. ಸರಿ ಇತ್ತಾ?" ಎಂದು ಕೇಳಿದಳು ಹೆಂಡತಿ. "ಅವಳು ನಿಜವಾಗಿ ಎಷ್ಟು ಹೊತ್ತು ಕೂತಿದ್ಳು?"

"ಗೊತ್ತಿಲ್ಲ," ಎಂದ ಪಾಯಿಂಟಪ್ಪ. "ನಾನು ಬರೆದಿರೋದು ನಾನು ಬಂದ ಹೊತ್ತು ಮಾತ್ರ."

"ಹಾಗಾದ್ರೆ ಅರ್ಧ ಗಂಟೇನೇ ಇರಲಿ. ನೀವೂ ಅದನ್ನೇ ನೆನಪಿಟ್ಕೊಳ್ಳಿ. ಮುಂದಿನ ಸಲ ಇಬ್ಬರನ್ನೂ ಕೇಳ್ತಾರೆ."

"ಅರ್ಧ ಗಂಟೆ," ಎಂದ ಅವನು. ಬಸ್ಸು ಬರುವವರೆಗೆ ಅವಳು ಇನ್ನೆರಡು ಸಲ ಅವನಿಂದ ಅದನ್ನು ಹೇಳಿಸಿದಳು.